ಹ್ಯಾನಿಬಲ್‌ನನ್ನು ಸೋಲಿಸಿದ ಸಿಪಿಯೋ, ಕಾರ್ಥೇಜ್ ಸುಟ್ಟ ಸಿಪಿಯೋ: ಇಬ್ಬರೂ ಒಬ್ಬನೇನಾ?

ಪ್ರಶ್ನೆ: ಮಂಡ್ಯದ ಟೀಚರ್

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಇಷ್ಟ ಇರುವ ಮಕ್ಕಳನ್ನು ಕೂರಿಸಿಕೊಂಡು ಪಠ್ಯದಲ್ಲಿ ಇಲ್ಲದ ಕಥೆ ಒಂದು ಗಂಟೆ ಹೇಳುತ್ತೇನೆ. ಹನ್ನೊಂದು ಮಕ್ಕಳು ತಪ್ಪದೆ ಉಳಿದುಕೊಳ್ಳುತ್ತಾರೆ. ಈ ತಿಂಗಳು ರೋಮ್ ಹಿಡಿದುಕೊಂಡಿದ್ದೇವೆ.

ಹೋದ ವಾರ, ರೋಮಿನ ಶತ್ರುವಾದ ಉತ್ತರ ಆಫ್ರಿಕಾದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಆನೆಗಳ ಜೊತೆ ಆಲ್ಪ್ಸ್ ದಾಟಿದ ಕಥೆ ಆಯಿತು. ಕ್ರಿ.ಪೂ. 202ರಲ್ಲಿ ಜಾಮಾ ಯುದ್ಧದಲ್ಲಿ ಅವನನ್ನು ಸೋಲಿಸಿದವನು ಪಬ್ಲಿಯಸ್ ಕಾರ್ನೀಲಿಯಸ್ ಸಿಪಿಯೋ ಆಫ್ರಿಕಾನಸ್ ಅಂತ ಹೇಳಿದ್ದೆ. ಈ ವಾರ, ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಊರನ್ನೇ ಸುಟ್ಟವನು ಪಬ್ಲಿಯಸ್ ಕಾರ್ನೀಲಿಯಸ್ ಸಿಪಿಯೋ ಆಫ್ರಿಕಾನಸ್ ಅಂತ ಬೋರ್ಡಿನ ಮೇಲೆ ಬರೆದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಮಧ್ಯೆ 56 ವರ್ಷ ಇದೆ. ಅಷ್ಟು ವಯಸ್ಸಾದ ಮೇಲೂ ಅವನೇ ಹೋದನಾ?"

ಇಲ್ಲ, ಅವನ ಮೊಮ್ಮಗ ಅಂದೆ. ಹಾಗಾದರೆ ಮೊಮ್ಮಗನ ಅಪ್ಪ ಯಾರು? ಅವನೂ ಪಬ್ಲಿಯಸ್. ಅಜ್ಜನ ಅಪ್ಪ? ಅವನೂ ಪಬ್ಲಿಯಸ್. ಅಷ್ಟರಲ್ಲಿ ಕೈಲಿದ್ದ ಪುಸ್ತಕದಲ್ಲಿ, ಕಾರ್ಥೇಜ್ ಸುಟ್ಟವನ ಹೆತ್ತ ತಂದೆ ಎಮಿಲಿಯಸ್ ಪೌಲಸ್ ಅನ್ನುವ ಬೇರೆಯೇ ಮನೆಯವನು ಅಂತ ಸಿಕ್ಕಿತು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ಜಾಗ ಸಾಲಲಿಲ್ಲ. ಮುಂದಿನ ಶನಿವಾರ ಹೇಳುತ್ತೇನೆ ಅಂತ ಮಕ್ಕಳನ್ನು ಮನೆಗೆ ಕಳಿಸಿದೆ.

ತಿಳಿದವರು ದಯವಿಟ್ಟು ಹೇಳಿ. ಈ ಒಂದೇ ಥರದ ಹೆಸರುಗಳನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಹೇಗೆ? ರಕ್ತ ಸಂಬಂಧವೇ ಇಲ್ಲದವನು ಆ ಮನೆಯವನು ಹೇಗಾದ? ಫೇಬಿಯಸ್, ಕ್ಲಾಡಿಯಸ್, ಮೆಟೆಲಸ್, ಸಿಪಿಯೋ ಅಂತ ಯಾವ ಯುದ್ಧ ತೆಗೆದರೂ, ಯಾವ ಚುನಾವಣೆ ತೆಗೆದರೂ ಅವೇ ನಾಲ್ಕಾರು ಮನೆ ಯಾಕೆ? ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿ ಆ ಹುಡುಗಿಯ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ.

ಉತ್ತರ: ಹಳೇ ಪೋಸ್ಟ್‌ಮ್ಯಾನ್, ಮೈಸೂರು

ಮೇಡಂ, ನಿಮ್ಮ ಹುಡುಗಿಯ ಪ್ರಶ್ನೆ ಓದಿದ ತಕ್ಷಣ ನನ್ನ ಕೆಲಸದ ದಿನಗಳೇ ಕಣ್ಣ ಮುಂದೆ ಬಂದವು. ಪಾಂಡವಪುರದ ಕಡೆ ಹಳ್ಳಿಗಳಲ್ಲಿ 31 ವರ್ಷ ಟಪಾಲು ಹಂಚಿದವನು ನಾನು. ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ರಿಟೈರ್ ಆದ ವರ್ಷ ಹಳೇ ಪುಸ್ತಕದ ಅಂಗಡಿಯಲ್ಲಿ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಜೀವನ ಚರಿತ್ರೆಗಳ ಒಂದು ಸಂಪುಟ ಸಿಕ್ಕಿತು. ಅವತ್ತು ಹಿಡಿದ ರೋಮನ್ನು ಇವತ್ತಿಗೂ ಬಿಟ್ಟಿಲ್ಲ.

ನನ್ನ ಬೀಟಿನ ಒಂದು ಊರಲ್ಲಿ ನಾಲ್ಕು ಜನ ಕೆಂಪಯ್ಯ ಇದ್ದರು. ಹೆಸರು ಬದಲಾಯಿಸಿ ಹೇಳುತ್ತಿದ್ದೇನೆ. ಕಾರ್ಡಿನ ಮೇಲೆ ಬರೀ 'ಕೆಂಪಯ್ಯನವರಿಗೆ' ಅಂತ, ಕೆಳಗೆ ಊರ ಹೆಸರು, ಅಷ್ಟೇ. ಊರಿನವರ ಬಾಯಲ್ಲಿ ಒಬ್ಬರು ಪಟೇಲರ ಮನೆ ಕೆಂಪಯ್ಯ, ಒಬ್ಬರು ಆಲೆಮನೆ ಕೆಂಪಯ್ಯ, ಒಬ್ಬರು ಮೆಳ್ಳಗಣ್ಣು ಕೆಂಪಯ್ಯ. ನಾಲ್ಕನೆಯವರು ಮಿಲ್ಲಿನಲ್ಲಿ ದುಡಿದು ವಾಪಸ್ ಬಂದ ಬೊಂಬಾಯಿ ಕೆಂಪಯ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಟೇಲರ ಮನೆಗೆ ಬಂದ ಸಾವಿನ ಸುದ್ದಿಯ ಕಾರ್ಡನ್ನು ನಾನು ಆಲೆಮನೆಯಲ್ಲಿ ಕೊಟ್ಟುಬಿಟ್ಟೆ. ಓದಿದ ಹುಡುಗ 'ಮಾವ ಹೋಗ್ಬಿಟ್ರಂತೆ' ಅಂದದ್ದೇ ತಡ, ಒಳಗೆ ಹೆಂಗಸರು ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಆ ಅಳು ಇನ್ನೂ ಕಿವಿಯಲ್ಲಿದೆ. ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ಮಾಡಿ, ಊರೂರಿನ ಮನೆ ಹೆಸರು, ಅಡ್ಡ ಹೆಸರು ಎಲ್ಲಾ ಬರೆದಿಟ್ಟುಕೊಂಡೆ.

ರೋಮಿಗೂ ಅಂಥದ್ದೇ ನೋಟ್‌ಬುಕ್ ಬೇಕು. ಮೊದಲನೇ ಹೆಸರು, ಪಬ್ಲಿಯಸ್, ಮನೆಯವರು ಕೂಗುವ ಹೆಸರು. ಅಂಥವು ಬಳಕೆಯಲ್ಲಿ ಇದ್ದದ್ದೇ ಸುಮಾರು 18. ಹಾಗಾಗಿ ಅದರಿಂದ ಗುರುತು ಸಿಗುವುದಿಲ್ಲ. ಎರಡನೆಯದು, ಕಾರ್ನೀಲಿಯಸ್, ಕುಲದ ಹೆಸರು. ಆ ಕುಲ ದೊಡ್ಡದು. ಸಿಪಿಯೋ, ಲೆಂಟುಲಸ್, ಸಿನ್ನಾ, ಸರ್ವಾಧಿಕಾರಿ ಸುಲ್ಲಾ, ಎಲ್ಲಾ ಅದರೊಳಗೇ. ಮೂರನೆಯದು, ಸಿಪಿಯೋ, ಮನೆತನದ ಹೆಸರು, ನಮ್ಮ 'ಪಟೇಲರ ಮನೆ' ಇದ್ದ ಹಾಗೆ. ಸಿಪಿಯೋ ಅಂದರೆ ಕೋಲು. ನಾಲ್ಕನೆಯದು ಸಂಪಾದಿಸಿದ್ದು. ಆಫ್ರಿಕಾದಲ್ಲಿ ಗೆದ್ದು ಬಂದವನು ಆಫ್ರಿಕಾನಸ್. ಬೊಂಬಾಯಿ ಕೆಂಪಯ್ಯನೂ ಅದೇ ದಾರಿಯಲ್ಲಿ ಆ ಹೆಸರು ಪಡೆದದ್ದು.

ಮನೆತನದ ಹೆಸರುಗಳ ಅರ್ಥ ಹೇಳಿದರೆ ಮಕ್ಕಳು ಮರೆಯುವುದಿಲ್ಲ ಮೇಡಂ. ರೂಫಸ್ ಅಂದರೆ ಕೆಂಪ. ನೈಗರ್ ಅಂದರೆ ಕರಿಯ. ಪೌಲಸ್ ಅಂದರೆ ಚಿಕ್ಕವನು, ಮ್ಯಾಕ್ಸಿಮಸ್ ಅಂದರೆ ಎಲ್ಲರಿಗಿಂತ ದೊಡ್ಡವನು. ನಮ್ಮ ಕೆಂಪಯ್ಯ, ಕರಿಯಪ್ಪ, ಚಿಕ್ಕಣ್ಣ, ದೊಡ್ಡಯ್ಯ ನಾಲ್ಕೂ ಜನ ಅಲ್ಲಿ ಸೆನೆಟ್ಟಿನಲ್ಲಿ ಕೂತಿದ್ದರು. ಸ್ಟ್ರಾಬೋ ಅಂದರೆ ಮೆಳ್ಳಗಣ್ಣು, ಸೇನಾಪತಿ ಪಾಂಪೆಯ ಅಪ್ಪನ ಹೆಸರಲ್ಲಿ ಅದಿದೆ. ಕ್ರಿ.ಪೂ. 312ರಲ್ಲಿ ಅಪ್ಪಿಯನ್ ರಸ್ತೆ ಶುರು ಮಾಡಿಸಿದ ಅಪ್ಪಿಯಸ್ ಕ್ಲಾಡಿಯಸ್‌ಗೆ ಕೊನೆಗಾಲದಲ್ಲಿ ಕಣ್ಣು ಹೋಯಿತು, ಹಾಗಾಗಿ ಅವನು ಸೀಕಸ್, ಕುರುಡ. ನಾಸಿಕಾ ಅಂದರೆ ನಾಸಿಕವೇ, ಮೂಗು. ಅದನ್ನು ಅನುವಾದ ಮಾಡುವ ಕೆಲಸವೂ ಇಲ್ಲ.

ಕಾಳುಗಳದ್ದು ಇನ್ನೊಂದು ಕಥೆ. ಫೇಬಿಯಸ್ ಕುಲದ ಹೆಸರು ಅವರೆಯಂಥ ಒಂದು ಕಾಳಿನಿಂದ ಬಂತು, ಲೆಂಟುಲಸ್ ಬೇಳೆಯಿಂದ, ಸಿಸೆರೋ ಕಡಲೆಯಿಂದ ಅಂತ ರೋಮನ್ನರೇ ಹೇಳಿಕೊಳ್ಳುತ್ತಿದ್ದರು. ಭಾಷಣಕ್ಕೆ ಹೆಸರಾದ ಸಿಸೆರೋ ರಾಜಕೀಯಕ್ಕೆ ಇಳಿದಾಗ ಸ್ನೇಹಿತರು, ಈ ಹೆಸರು ಬಿಟ್ಟುಬಿಡು ಅಂದರಂತೆ. ಇದೇ ಹೆಸರನ್ನು ದೊಡ್ಡದು ಮಾಡುತ್ತೇನೆ ಅಂದ. ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಒಂದು ಬೆಳ್ಳಿ ವಸ್ತು ಅರ್ಪಿಸಿದ. ಅದರ ಮೇಲೆ ಮಾರ್ಕಸ್, ಟಲಿಯಸ್ ಅಂತ ಎರಡು ಹೆಸರು ಬರೆಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳನ್ನು ಕೆತ್ತಿಸಿದ. ಪ್ಲುಟಾರ್ಕ್‌ನಲ್ಲಿ ನನಗೆ ತುಂಬಾ ಇಷ್ಟದ ಜಾಗ ಇದು.

ಇನ್ನೊಂದು. ನಮ್ಮ ಪಹಣಿಯಲ್ಲಿ 'ಕೆಂಪಯ್ಯ ಬಿನ್ ಚಿಕ್ಕಯ್ಯ' ಅಂತ ಇರುತ್ತದಲ್ವಾ? ರೋಮನ್ನರೂ ಕಲ್ಲಿನ ಮೇಲೆ ಹಾಗೇ ಬರೆಸುತ್ತಿದ್ದರು, ಇಂಥವನ ಮಗ, ಇಂಥವನ ಮೊಮ್ಮಗ ಅಂತ. ಅಪ್ಪಿಯನ್ ರಸ್ತೆ ಪಕ್ಕದಲ್ಲಿ ಸಿಪಿಯೋಗಳ ಸಮಾಧಿ ಇದೆ. ಅಲ್ಲಿದ್ದ ಕಲ್ಲಿನ ಶವಪೆಟ್ಟಿಗೆಯೊಂದು ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 298ರಲ್ಲಿ ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಆರಿಸುವ ಮುಖ್ಯ ಅಧಿಕಾರಿ, ಆಗಿದ್ದ ಸಿಪಿಯೋ ಬಾರ್ಬಾಟಸ್‌ನದು. ಬಾರ್ಬಾಟಸ್ ಅಂದರೆ ಗಡ್ಡದವನು. ಅದರ ಮೇಲೆ ಹೆಸರಾದ ಕೂಡಲೇ ಅಪ್ಪನ ಹೆಸರು, ಆಮೇಲೆ ಧೈರ್ಯವಂತ, ತಿಳಿದವನು, ನೋಡಲು ಲಕ್ಷಣವಾಗಿದ್ದವನು, ಆಮೇಲೆ ನಿಮ್ಮ ನಡುವೆ ಯಾವ ಯಾವ ಹುದ್ದೆ ಮಾಡಿದ ಅನ್ನುವುದು. ಓದುವವರನ್ನೇ 'ನಿಮ್ಮ' ಅಂತ ಕರೆದು ಹೇಳುತ್ತದೆ ಆ ಕಲ್ಲು.

ಈಗ ನಿಮ್ಮ ಬೋರ್ಡಿಗೆ ಬರೋಣ. ನಾಲ್ಕು ಪಬ್ಲಿಯಸ್ ಸಿಪಿಯೋ ಬರೆಯಿರಿ, ಒಬ್ಬರ ಕೆಳಗೆ ಒಬ್ಬರು. ಮೊದಲನೆಯವನು ತಮ್ಮನೋ ಅಣ್ಣನೋ ಆದ ನೇಯಸ್ ಜೊತೆ ಕ್ರಿ.ಪೂ. 211ರಲ್ಲಿ ಸ್ಪೇನಿನ ಯುದ್ಧದಲ್ಲಿ ಸತ್ತ. ಎರಡನೆಯವನು ಅವನ ಮಗ. ಅಪ್ಪ, ನೇಯಸ್ ಇಬ್ಬರೂ ಸತ್ತ ನೆಲಕ್ಕೇ ಸುಮಾರು 25ರ ವಯಸ್ಸಿನಲ್ಲಿ ಸೇನಾಪತಿಯಾಗಿ ಹೋದ. ಅವನೇ ಜಾಮಾದಲ್ಲಿ ಗೆದ್ದವನು. ಮೂರನೆಯವನು ಅವನ ಮಗ, ಆರೋಗ್ಯ ಸರಿ ಇರಲಿಲ್ಲ, ಮಕ್ಕಳೂ ಆಗಲಿಲ್ಲ. ಅವನು ದತ್ತು ತೆಗೆದುಕೊಂಡವನೇ ನಾಲ್ಕನೆಯವನು, ಕಾರ್ಥೇಜ್ ಸುಟ್ಟವನು. ದತ್ತು ಹೋದವನು ಹೊಸ ಮನೆಯ ಹೆಸರು ಪೂರ್ತಿ ಇಟ್ಟುಕೊಂಡು, ಹುಟ್ಟಿದ ಕುಲವನ್ನು ಬಾಲಕ್ಕೆ ಸೇರಿಸಿಕೊಳ್ಳುತ್ತಿದ್ದ. ಎಮಿಲಿಯಸ್ ಕುಲದಿಂದ ಬಂದದ್ದರಿಂದ ಎಮಿಲಿಯಾನಸ್. ಹೆಸರಿನ ಕೊನೆಯಲ್ಲಿ 'ಯಾನಸ್' ಕಂಡರೆ, ಇವನಿಗೆ ಇನ್ನೊಂದು ಮನೆಯೂ ಇದೆಯೇನೋ ಅಂತ ಹುಡುಕಿ ಅಂತ ಮಕ್ಕಳಿಗೆ ಹೇಳಿ.

ಉತ್ತರ: ಅಗ್ರಹಾರದ ತೊಟ್ಟಿಮನೆ

ನಮ್ಮದು ಮೈಸೂರಿನ ಅಗ್ರಹಾರದಲ್ಲಿ ತೊಟ್ಟಿಮನೆ. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನ ನೀರು ನಡುವಿನ ತೊಟ್ಟಿಗೆ ಬೀಳುತ್ತದೆ. ಪಡಸಾಲೆಯ ಗೋಡೆಯಲ್ಲಿ ಹಿರಿಯರ ಫೋಟೋಗಳ ಸಾಲು. ರೋಮಿನ ದೊಡ್ಡ ಮನೆಗಳ ನಡುಮನೆಯೂ ಹೀಗೇ ಇತ್ತು ಅಂತ ತಿಳಿದಾಗ ನನಗೆ ಮೈ ಜುಂ ಅಂದಿತ್ತು. ಮೇಲೆ ತೆರೆದ ಮಾಡು, ಕೆಳಗೆ ಮಳೆನೀರಿನ ತೊಟ್ಟಿ, ಸುತ್ತ ಗೋಡೆಯಲ್ಲಿ ಹಿರಿಯರು.

ಆದರೆ ಅವು ಫೋಟೋ ಅಲ್ಲ, ಮೇಣದ ಮುಖಗಳು. ದೊಡ್ಡ ಹುದ್ದೆ ಮಾಡಿದ ಹಿರಿಯನ ಮುಖವನ್ನು ಅವನ ಹಾಗೇ ಮೇಣದಲ್ಲಿ ಮಾಡಿ, ಮರದ ಗೂಡಿನಲ್ಲಿ ಇಡುತ್ತಿದ್ದರು. ಮನೆಯಲ್ಲಿ ಸಾವಾದರೆ ಆ ಮುಖಗಳನ್ನು ಹೊರಗೆ ತೆಗೆಯುತ್ತಿದ್ದರು. ಎತ್ತರ, ಮೈಕಟ್ಟು ಹೋಲುವ ಜನರಿಗೆ ಅದನ್ನು ತೊಡಿಸುತ್ತಿದ್ದರು. ಕಾನ್ಸಲ್ ಆಗಿದ್ದವನ ಮುಖಕ್ಕೆ ನೇರಳೆ ಅಂಚಿನ ಬಟ್ಟೆ, ಜನಗಣತಿ ನೋಡಿಕೊಳ್ಳುವ ಸೆನ್ಸರ್ ಆಗಿದ್ದವನಿಗೆ ಪೂರ್ತಿ ನೇರಳೆ, ವಿಜಯದ ಮೆರವಣಿಗೆ ಪಡೆದವನಿಗೆ ಜರತಾರಿ. ಎಲ್ಲರೂ ರಥದಲ್ಲಿ ಊರ ಚೌಕಕ್ಕೆ ಬಂದು ದಂತದ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಸತ್ತವನ ಮಗ ಎದ್ದು ನಿಂತು ಮೊದಲು ಅಪ್ಪನ ಬಗ್ಗೆ, ಆಮೇಲೆ ಕೂತಿರುವ ಒಬ್ಬೊಬ್ಬ ಹಿರಿಯನ ಬಗ್ಗೆ ಹೇಳುತ್ತಿದ್ದ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಎಮಿಲಿಯಾನಸ್‌ನ ಗೆಳೆಯ.

'ಅವೇ ಮನೆ ಯಾಕೆ' ಅಂತ ಕೇಳಿದಿರಲ್ಲ, ನನಗೆ ತೋಚುವ ಉತ್ತರ ಇಲ್ಲೇ ಇದೆ. ಓಟು ಹಾಕುವ ಜನ ಅದೇ ಚೌಕದಲ್ಲಿ ನಿಂತು ಆ ಮುಖಗಳನ್ನು ನೋಡುತ್ತಾ ಬೆಳೆದವರು.

ಕ್ರಿ.ಶ. 22ರಲ್ಲಿ ಜೂನಿಯಾ ಅನ್ನುವ ಮುದುಕಿ ತೀರಿಕೊಂಡಳು. ಸೀಸರ್‌ನನ್ನು ಕೊಂದ ಬ್ರೂಟಸ್‌ನ ತಂಗಿ, ಕ್ಯಾಸಿಯಸ್‌ನ ಹೆಂಡತಿ. ಇಪ್ಪತ್ತು ದೊಡ್ಡ ಮನೆತನಗಳ ಮುಖಗಳು ಅವಳ ಮುಂದೆ ಸಾಗಿದವು. ಅಣ್ಣನದೂ ಗಂಡನದೂ ಇರಲಿಲ್ಲ. ಆ ಎರಡು ಮುಖ ಕಾಣದೇ ಇದ್ದದ್ದರಿಂದಲೇ ಅವು ಎಲ್ಲಕ್ಕಿಂತ ಹೆಚ್ಚು ಹೊಳೆದವು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.

ಉತ್ತರ: ಗಂಗೋತ್ರಿ ವಿದ್ಯಾರ್ಥಿ

ಟೀಚರ್, ದತ್ತು ವಿಷಯ ಮಕ್ಕಳಿಗೆ ಹೇಳಲು ಮೈಸೂರು ಅರಮನೆಯಿಂದಲೇ ಶುರು ಮಾಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಪುಟ್ಟ ಮಗು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1881ರಲ್ಲಿ ಬ್ರಿಟಿಷರು ರಾಜ್ಯ ವಾಪಸ್ ಕೊಟ್ಟದ್ದು ಆ ದತ್ತು ಮಗನ ಕೈಗೆ. ತಲಕಾಡಿನ ಶಾಪದ ಕಥೆ ನಿಮ್ಮ ಮಕ್ಕಳಿಗೆ ಹೇಗೂ ಗೊತ್ತಿರುತ್ತದೆ.

ರೋಮಿನಲ್ಲಿ ವ್ಯತ್ಯಾಸ ಏನೆಂದರೆ, ಬೆಳೆದ ಗಂಡಸರನ್ನೂ ದತ್ತು ತೆಗೆದುಕೊಳ್ಳುತ್ತಿದ್ದರು. ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಕೊಲೆಯಾದ ಮೇಲೆ ಉಯಿಲು ತೆರೆದು ನೋಡಿದರೆ, ಸೋದರಿಯ ಮೊಮ್ಮಗ ಆಕ್ಟೇವಿಯಸ್‌ಗೆ ಹೆಸರು, ಆಸ್ತಿ ಎರಡೂ ಬರೆದಿದ್ದ. ಹುಡುಗನಿಗೆ ಆಗ 18 ವರ್ಷ. ಮುಂದೆ ಅವನೇ ಮೊದಲ ಚಕ್ರವರ್ತಿ ಆಗಸ್ಟಸ್. ಅವನೂ ಕ್ರಿ.ಶ. 4ರಲ್ಲಿ ಹೆಂಡತಿಯ ಮೊದಲ ಗಂಡನ ಮಗ ಟೈಬೀರಿಯಸ್‌ನನ್ನು ದತ್ತು ತೆಗೆದುಕೊಂಡ. ಆ ಮಗ ಕ್ಲಾಡಿಯಸ್ ಕುಲದವನು. ರೋಮಿನ ಮೊದಲ ಚಕ್ರವರ್ತಿಗಳ ವಂಶಕ್ಕೆ ಜೂಲಿಯೋ-ಕ್ಲಾಡಿಯನ್ ಅಂತ ನಾವು ಓದುವ ಜೋಡಿ ಹೆಸರು ಅಲ್ಲಿಂದ ಬಂತು.

ಆ ಕ್ಲಾಡಿಯಸ್ ಮನೆಯವರು ಸೊಕ್ಕಿಗೆ ಹೆಸರಾದವರು. ಪಬ್ಲಿಯಸ್ ಕ್ಲಾಡಿಯಸ್ ಅನ್ನುವವನು ಕ್ರಿ.ಪೂ. 249ರಲ್ಲಿ ಡ್ರೆಪಾನಾ ಹತ್ತಿರ ಹಡಗಿನ ಯುದ್ಧಕ್ಕೆ ಹೊರಟಾಗ ಶಕುನದ ಕೋಳಿಗಳು ಕಾಳು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಅಂತ ಅವನ್ನು ಸಮುದ್ರಕ್ಕೆ ಎಸೆಸಿದನಂತೆ. 93 ಹಡಗು ಹೋದವು. ಕೆಲವು ವರ್ಷ ಆದ ಮೇಲೆ ಅವನ ತಂಗಿಯ ಗಾಡಿ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿತು. ನಮ್ಮಣ್ಣ ಬದುಕಿದ್ದು ಇನ್ನೊಂದು ಸಲ ಹಡಗು ಮುಳುಗಿಸಿದ್ದರೆ ಈ ಗುಂಪಾದರೂ ಕಮ್ಮಿ ಆಗುತ್ತಿತ್ತು ಅಂದಳು. ಆ ಮಾತಿಗೆ ಅವಳಿಗೆ ದಂಡ ಬಿತ್ತು.

ಉತ್ತರ: ಹಳೇ ಪೋಸ್ಟ್‌ಮ್ಯಾನ್, ಮೈಸೂರು

ಅಗ್ರಹಾರದ ತಾಯಿ ಹೇಳಿದ್ದು ನಿಜ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಹತ್ತು ವರ್ಷ ಸೈನ್ಯದಲ್ಲಿ ದುಡಿಯದೆ ಯಾರೂ ರಾಜಕೀಯ ಹುದ್ದೆಗೆ ನಿಲ್ಲುವ ಹಾಗಿರಲಿಲ್ಲ ಅಂತ ಪಾಲಿಬಿಯಸ್ ಬರೆದಿದ್ದಾನೆ. ವರ್ಷಕ್ಕೆ ಇಬ್ಬರು ಕಾನ್ಸಲ್. ಊರಲ್ಲಿದ್ದರೆ ಅವರೇ ಸಭೆ ನಡೆಸುವವರು, ಯುದ್ಧ ಬಂದರೆ ಅವರೇ ಸೇನಾಪತಿಗಳು. ರಾಜಕೀಯದ ಮನೆ, ಯುದ್ಧದ ಮನೆ ಅಂತ ಎರಡು ಇರಲಿಲ್ಲ. ಹೊರಗಿನವರು ಬರಲೇ ಇಲ್ಲ ಅಂತಲ್ಲ. ಮೇರಿಯಸ್ ಬಂದ, ಏಳು ಸಲ ಕಾನ್ಸಲ್ ಆದ. ನಮ್ಮ ಕಡಲೆಯವನೂ ಕ್ರಿ.ಪೂ. 63ರಲ್ಲಿ ಆದ. ಆದರೆ ಅಂಥವರನ್ನು 'ಹೊಸಬ' ಅಂತಲೇ ಕರೆಯುತ್ತಿದ್ದರು.

ಈಗ ನಾಲ್ಕನೇ ಪಬ್ಲಿಯಸ್ ವಿಷಯ. ಇದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ ಮೇಡಂ, ಸುಮ್ನೆ ಬಾಣದ ಗುರುತು ಹಾಕಿ ಮುಗಿಸಬೇಡಿ.

ಅವನನ್ನು ಹೆತ್ತ ತಂದೆ ಲೂಸಿಯಸ್ ಎಮಿಲಿಯಸ್ ಪೌಲಸ್. ಈ ಪೌಲಸ್‌ನ ಅಪ್ಪ ಕಾನ್ಸಲ್ ಆಗಿದ್ದಾಗಲೇ ಕ್ರಿ.ಪೂ. 216ರ ಕ್ಯಾನೆ ಯುದ್ಧದಲ್ಲಿ ಹ್ಯಾನಿಬಲ್ ಎದುರು ಸತ್ತಿದ್ದ. ಮೆಸಿಡೋನಿಯಾದ ರಾಜ ಪರ್ಸಿಯಸ್ ಮೇಲಿನ ಯುದ್ಧಕ್ಕೆ ಜನ ಪೌಲಸ್‌ನನ್ನು ಆರಿಸಿದ ದಿನ, ಅವನು ಸಂಜೆ ಮನೆಗೆ ಬಂದರೆ ಪುಟ್ಟ ಮಗಳು ಟೆರ್ಷಿಯಾ ಅಳುತ್ತಾ ಕೂತಿದ್ದಳು. ಯಾಕಮ್ಮಾ ಅಂತ ಎತ್ತಿಕೊಂಡು ಕೇಳಿದ. 'ಅಪ್ಪಾ, ನಮ್ಮ ಪರ್ಸಿಯಸ್ ಸತ್ತುಹೋಯಿತು' ಅಂದಳು. ಆ ಹೆಸರಿನ ನಾಯಿಮರಿ ಮನೆಯಲ್ಲಿತ್ತು. ಅಪ್ಪ ಅದನ್ನು ಒಳ್ಳೇ ಶಕುನ ಅಂತ ತೆಗೆದುಕೊಂಡ. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಗೆದ್ದ. ಈ ಕಥೆ ಓದುವಾಗಲೆಲ್ಲ ಆ ಮಗುವಿಗೆ ಯಾರು ಸಮಾಧಾನ ಮಾಡಿದರೋ ಅಂತ ನನಗೆ ಅನ್ನಿಸುತ್ತದೆ.

ಪೌಲಸ್‌ಗೆ ನಾಲ್ಕು ಗಂಡುಮಕ್ಕಳು. ಮೊದಲ ಹೆಂಡತಿ ಪಪೀರಿಯಾಳ ಇಬ್ಬರನ್ನು ದತ್ತು ಕೊಟ್ಟ. ಒಬ್ಬ ಫೇಬಿಯಸ್ ಮನೆಗೆ, ಒಬ್ಬ ಸಿಪಿಯೋ ಮನೆಗೆ. ಅಲ್ಲಿ ಆಸ್ತಿ ಮಕ್ಕಳಿಗೆಲ್ಲ ಪಾಲಾಗುತ್ತಿತ್ತು, ಒಬ್ಬೊಬ್ಬ ಮಗನನ್ನೂ ಹುದ್ದೆಗೆ ನಿಲ್ಲಿಸಲು ಖರ್ಚು ಜಾಸ್ತಿ. ಗಂಡುಮಕ್ಕಳಿಲ್ಲದ ದೊಡ್ಡ ಮನೆಗೆ ಒಬ್ಬನನ್ನು ಕೊಟ್ಟರೆ ಎರಡೂ ಮನೆ ಉಳಿಯುತ್ತಿತ್ತು. ಎರಡನೇ ಹೆಂಡತಿಯ ಇಬ್ಬರು ಮಕ್ಕಳನ್ನು ತನ್ನ ಹೆಸರಿಗೆ ಅಂತ ಇಟ್ಟುಕೊಂಡ. ಕ್ರಿ.ಪೂ. 167ರಲ್ಲಿ ಅವನ ವಿಜಯದ ಮೆರವಣಿಗೆ ಮೂರು ದಿನ ನಡೆಯಿತು. ಅದಕ್ಕೆ ಐದು ದಿನ ಮುಂಚೆ 14 ವರ್ಷದ ಮಗ ಸತ್ತ. ಮುಗಿದ ಮೂರನೇ ದಿನಕ್ಕೆ 12 ವರ್ಷದವನೂ ಸತ್ತ. ಪೌಲಸ್ ಜನರ ಮುಂದೆ ನಿಂತು, ಇಷ್ಟು ದೊಡ್ಡ ಗೆಲುವಿನ ಮೇಲೆ ಏನಾದರೂ ಕೆಟ್ಟದ್ದು ಬರುವುದಿದ್ದರೆ ಊರಿಗೆ ಬರದೆ ನನ್ನ ಮನೆಗೇ ಬರಲಿ ಅಂತ ಕೇಳಿಕೊಂಡಿದ್ದೆ ಅಂದ. ಬದುಕಿದ್ದ ಇಬ್ಬರು ಮಕ್ಕಳು ಊರಲ್ಲೇ ಇದ್ದರು, ಆದರೆ ಬೇರೆಯವರ ಹೆಸರಿನಲ್ಲಿ.

ಇನ್ನು ಸಿಪಿಯೋ ಮನೆಗೆ ಹೋದ ಮಗ. ಜಾಮಾ ಗೆದ್ದ ಸಿಪಿಯೋನ ಹೆಂಡತಿ ಎಮಿಲಿಯಾ ಈ ಪೌಲಸ್‌ನ ಅಕ್ಕನೋ ತಂಗಿಯೋ. ಅಂದರೆ ಹುಡುಗ ಹೋದದ್ದು ಸೋದರತ್ತೆ ಮನೆಗೆ. ದತ್ತು ತೆಗೆದುಕೊಂಡ ಅಪ್ಪ ಅತ್ತೆಯ ಮಗ. ಮಂಡ್ಯದ ಮಕ್ಕಳಿಗೆ ಈ ನಂಟು ಒಂದೇ ಸಲಕ್ಕೆ ಅರ್ಥ ಆಗುತ್ತದೆ. ಎಮಿಲಿಯಾ ವೈಭವದ ಹೆಂಗಸು. ಹೆಂಗಸರ ಪೂಜೆಗೆ ಹೊರಟರೆ ಅವಳ ಗಾಡಿ, ಒಡವೆ, ಬೆಳ್ಳಿ ಬಂಗಾರದ ಪಾತ್ರೆ, ಹಿಂದೆ ಆಳುಗಳ ಸಾಲು. ಅವಳು ತೀರಿಕೊಂಡಾಗ ಅದೆಲ್ಲ ಎಮಿಲಿಯಾನಸ್‌ಗೆ ಬಂತು.

ಪಪೀರಿಯಾಳನ್ನು ಪೌಲಸ್ ಬಿಟ್ಟು ಬಹಳ ವರ್ಷ ಆಗಿತ್ತು. ಅವಳ ಅಂತಸ್ತಿಗೆ ತಕ್ಕ ಆದಾಯ ಇರಲಿಲ್ಲ. ಹಾಗಾಗಿ ದೊಡ್ಡ ಪೂಜೆಗಳಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಎಮಿಲಿಯಾನಸ್ ಏನು ಮಾಡಿದ ಗೊತ್ತಾ? ಅಜ್ಜಿಯಿಂದ ಬಂದ ಒಡವೆ, ಪಾತ್ರೆ, ಗಾಡಿ, ಎಲ್ಲವನ್ನೂ ಹೆತ್ತ ತಾಯಿಗೆ ಕೊಟ್ಟ. ಅದಾದ ಮೇಲೆ ಒಂದು ಹಬ್ಬದ ದಿನ ಪಪೀರಿಯಾ ಎಮಿಲಿಯಾಳ ಗಾಡಿಯಲ್ಲೇ ಕೂತು ಪೂಜೆಗೆ ಬಂದಳು. ಗಾಡಿ, ಹೇಸರಗತ್ತೆ, ಹೊಡೆಯುವವನು, ಎಲ್ಲಾ ಅವೇ. ಹೆಂಗಸರು ಗುರುತು ಹಿಡಿದರು. ಕೈ ಎತ್ತಿ ಅವನಿಗೆ ಒಳ್ಳೆಯದಾಗಲಿ ಅಂದರು. ಪಾಲಿಬಿಯಸ್ ಇದನ್ನು ಯುದ್ಧಗಳ ನಡುವೆ ಜಾಗ ಮಾಡಿ ಬರೆದಿದ್ದಾನೆ. ಅದಕ್ಕೆ ಅವನ ಮೇಲೆ ನನಗೆ ಗೌರವ.

ರಕ್ತ ಸಂಬಂಧ ಇಲ್ಲದವನು ಆ ಮನೆಯವನು ಹೇಗಾದ ಅಂತ ಕೇಳಿದಿರಿ. ಕ್ರಿ.ಪೂ. 147ರಲ್ಲಿ ಕಾರ್ಥೇಜ್ ಯುದ್ಧ ಎಳೆದಾಡುತ್ತಿದ್ದಾಗ, ಇವನು ಚಿಕ್ಕ ಹುದ್ದೆಗೆ ನಿಲ್ಲಲು ಊರಿಗೆ ಬಂದಿದ್ದ. ವಯಸ್ಸು ಸಾಲದಿದ್ದರೂ ಜನ ಕಾನ್ಸಲ್ ಮಾಡಿದರು. ಯುದ್ಧದಲ್ಲಿ ಅವನು ಗಟ್ಟಿಗ ಅಂತ ಕಂಡಿದ್ದರು, ಜೊತೆಗೆ ಸಿಪಿಯೋ ಅನ್ನುವ ಹೆಸರು. ಮರುವರ್ಷ ಊರು ಉರಿಯುವುದನ್ನು ನೋಡುತ್ತಾ ಅವನು ಅತ್ತ. ಒಂದು ದಿನ ರೋಮಿಗೂ ಹೀಗಾಗುತ್ತದೇನೋ ಅಂತ ಪಕ್ಕದಲ್ಲಿದ್ದ ಪಾಲಿಬಿಯಸ್‌ಗೆ ಹೇಳಿದ. ಅಲ್ಲಿ ಸತ್ತವರು, ಗುಲಾಮರಾಗಿ ಮಾರಾಟವಾದವರು ಲೆಕ್ಕವಿಲ್ಲದಷ್ಟು. ಅದನ್ನೂ ಮಕ್ಕಳಿಗೆ ಬಿಡದೆ ಹೇಳಿ.

ಇದೇ ಮನೆ ಒಳಗಿನಿಂದಲೂ ಒಡೆಯಿತು. ಜಾಮಾ ಗೆದ್ದವನಿಗೆ ಇಬ್ಬರು ಹೆಣ್ಣುಮಕ್ಕಳು. ಹೆಣ್ಣಿಗೆ ಕುಲದ ಹೆಸರೇ ಹೆಸರಾದ್ದರಿಂದ ಇಬ್ಬರೂ ಕಾರ್ನೀಲಿಯಾ. ಚಿಕ್ಕವಳು ಹನ್ನೆರಡು ಹೆತ್ತು, ಮೂರು ಉಳಿಸಿಕೊಂಡಳು. ಮಗಳು ಸೆಂಪ್ರೋನಿಯಾ ನಮ್ಮ ಎಮಿಲಿಯಾನಸ್‌ನ ಹೆಂಡತಿ. ಗಂಡುಮಕ್ಕಳು ಟೈಬೀರಿಯಸ್ ಗ್ರಾಕಸ್, ಗಾಯಸ್ ಗ್ರಾಕಸ್. ಟೈಬೀರಿಯಸ್ ಕ್ರಿ.ಪೂ. 133ರಲ್ಲಿ ಸರ್ಕಾರಿ ಜಮೀನನ್ನು ಬಡವರಿಗೆ ಹಂಚುವ ಕಾನೂನು ತಂದ. ಬೆಂಚಿನ ಕಾಲು ಮುರಿದುಕೊಂಡು ಅವನನ್ನೂ 300ಕ್ಕೂ ಹೆಚ್ಚು ಜನರನ್ನೂ ಬಡಿದು ಕೊಂದ ಗುಂಪಿನ ಮುಂದೆ ಇದ್ದವನು ಸಿಪಿಯೋ ನಾಸಿಕಾ. ದೊಡ್ಡ ಕಾರ್ನೀಲಿಯಾಳ ಮಗ, ಟೈಬೀರಿಯಸ್‌ಗೆ ದೊಡ್ಡಮ್ಮನ ಮಗ. ನಮ್ಮಲ್ಲಿ ಆ ನಂಟಿಗೆ ಬೇರೆ ಪದವೇ ಇಲ್ಲ, ಅಣ್ಣ ಅಂತಲೇ ಅನ್ನುತ್ತೇವೆ.

ಮಂಡ್ಯದ ಟೀಚರ್

ಅಣ್ಣಾ, ನಿಮಗೂ ಉಳಿದವರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ? ಇವತ್ತು ಶನಿವಾರ. ಮೊದಲು ಮಕ್ಕಳಿಂದಲೇ ಅವರ ಊರಿನ ಅಡ್ಡ ಹೆಸರುಗಳನ್ನು ಹೇಳಿಸಿದೆ. ಬೋರ್ಡು ತುಂಬಿ ಕರಿಹಲಗೆಯ ಚೌಕಟ್ಟಿನ ಮೇಲೂ ಬರೆದರು. ಆಮೇಲೆ ನಾಲ್ಕು ಪಬ್ಲಿಯಸ್. ಯಾರಿಗೂ ಗೊಂದಲ ಆಗಲಿಲ್ಲ. ನಾಯಿಮರಿ ಕಥೆಗೆ ಆರನೇ ಕ್ಲಾಸಿನವನೊಬ್ಬ ಕಣ್ಣು ಒರೆಸಿಕೊಂಡ.

ನಾಲ್ಕನೇ ಪಬ್ಲಿಯಸ್ ಮೇಲೆ ಎರಡು ಗೆರೆ ಎಳೆದು ಇಬ್ಬರು ಅಪ್ಪಂದಿರ ಹೆಸರು ಬರೆದೆ. ಪ್ರಶ್ನೆ ಕೇಳಿದ್ದಳಲ್ಲ, ಆ ಹುಡುಗಿ ಬಂದು ಚಾಕ್‌ಪೀಸ್ ಇಸಿದುಕೊಂಡು ಮೂರನೇ ಗೆರೆ ಎಳೆದಳು, 'ಪಪೀರಿಯಾ' ಅಂತ ಬರೆದಳು. ಹೋಗಿ ಕೂತವಳು ಮತ್ತೆ ಎದ್ದಳು. "ಮಿಸ್, ಅವಳನ್ನು ಗಂಡ ಬಿಟ್ಟಿದ್ದು ಯಾಕೆ?" ಏನು ಹೇಳಲಿ ಅಣ್ಣಾ?

ಹಳೇ ಪೋಸ್ಟ್‌ಮ್ಯಾನ್, ಮೈಸೂರು

ಪ್ಲುಟಾರ್ಕ್‌ಗೂ ಕಾರಣ ಸಿಕ್ಕಿಲ್ಲ ಮೇಡಂ. ಅದರ ಜಾಗದಲ್ಲಿ ಒಂದು ಕಥೆ ಹೇಳುತ್ತಾನೆ. ಹೆಂಡತಿ ಬಿಟ್ಟ ಒಬ್ಬ ರೋಮನ್ನನನ್ನು ಸ್ನೇಹಿತರು ಕೇಳಿದರಂತೆ, ಒಳ್ಳೆಯವಳಲ್ವಾ, ಚೆಲುವೆಯಲ್ವಾ, ಮಕ್ಕಳು ಹೆತ್ತವಳಲ್ವಾ ಅಂತ. ಅವನು ಕಾಲಿನ ಚಪ್ಪಲಿ ಮುಂದೆ ಚಾಚಿದ. ಇದು ಚೆನ್ನಾಗಿಲ್ವಾ, ಹೊಸದಲ್ವಾ, ಆದರೆ ಎಲ್ಲಿ ಕಚ್ಚುತ್ತದೆ ಅಂತ ನಿಮಗ್ಯಾರಿಗೂ ಗೊತ್ತಿಲ್ಲ ಅಂದ. ಸೋಮವಾರ ಆ ಮಗುವಿಗೆ ಇದನ್ನು ಹೇಳಿ, ಏನಂದಳು ಅಂತ ಬರೆಯಿರಿ.

ಮಂಡ್ಯದ ಟೀಚರ್

ಹೇಳಿದೆ ಅಣ್ಣಾ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಪಪೀರಿಯಾಗೆ ಎಲ್ಲಿ ಕಚ್ಚುತ್ತಿತ್ತು ಅಂತ ಯಾರೂ ಕೇಳಲಿಲ್ವಾ ಮಿಸ್?"